ಗೆಳೆಯರಿದ್ದರೆ ಸಾಲದು, ಕೊಳವೆಯೂ ಬೇಕು

2014ರ ಅಕ್ಟೋಬರ್ 27ರಂದು ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವ ಕ್ಲೈಪೆಡಾ ಬಂದರಿಗೆ ಒಂದು ಹಡಗು ಬಂತು. ಉದ್ದ ಮುನ್ನೂರು ಮೀಟರಿಗೆ ತುಸು ಕಡಿಮೆ. ಕಟ್ಟಿದ್ದು ದಕ್ಷಿಣ ಕೊರಿಯಾದ ಹ್ಯುಂಡೈ ಕಂಪನಿ, ಮಾಲೀಕರು ನಾರ್ವೆಯ ಹೋಗ್ ಎಲ್‌ಎನ್‌ಜಿ ಕಂಪನಿಯವರು, ಹತ್ತು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದದ್ದು ಲಿಥುವೇನಿಯಾ. ಹಡಗಿನ ಹೆಸರು ‘ಇಂಡಿಪೆಂಡೆನ್ಸ್’. ಅದನ್ನು ಬರಮಾಡಿಕೊಳ್ಳಲು ದೇಶದ ಅಧ್ಯಕ್ಷೆ ಡಾಲಿಯಾ ಗ್ರಿಬೌಸ್ಕೈಟೆ ಸ್ವತಃ ಬಂದರಿಗೆ ಹೋಗಿದ್ದರು. ಬೆಂಗಳೂರಿನ ಮೂರನೇ ಒಂದು ಭಾಗದಷ್ಟೂ ಜನರಿಲ್ಲದ ಆ ಪುಟ್ಟ ದೇಶ ಅಂದಿನವರೆಗೆ ತನಗೆ ಬೇಕಾದ ನೈಸರ್ಗಿಕ ಅನಿಲವನ್ನೆಲ್ಲ ಒಂದೇ ಕಡೆಯಿಂದ, ರಷ್ಯಾದ ಗ್ಯಾಜ್‌ಪ್ರೋಮ್‌ನಿಂದ ತರಿಸಿಕೊಳ್ಳುತ್ತಿತ್ತು. ಬೇರೆಯವರಿಂದ ಕೊಳ್ಳೋಣವೆಂದರೆ ತರುವ ದಾರಿಯೇ ಇರಲಿಲ್ಲ. ಆ ದಾರಿ ಹಡಗಿನ ರೂಪದಲ್ಲಿ ಬಂದು ದಕ್ಕೆಗೆ ತಾಗಿ ನಿಂತಿತ್ತು.

ಇಂಧನ ಭದ್ರತೆಯ ಮಾತು ಬಂದಾಗಲೆಲ್ಲ ನಾವು ಒಪ್ಪಂದಗಳ ಬಗ್ಗೆ, ನಾಯಕರ ಕೈಕುಲುಕಿನ ಬಗ್ಗೆ, ‘ಮಿತ್ರ ರಾಷ್ಟ್ರ’ಗಳ ಬಗ್ಗೆ ಓದುತ್ತೇವೆ. ಅನಿಲದ ವಿಷಯದಲ್ಲಿ ಅದು ಅರ್ಧ ಕಥೆ. ಕಚ್ಚಾ ತೈಲವನ್ನು ಯಾವ ಟ್ಯಾಂಕರಿಗೆ ತುಂಬಿದರೂ ಬಹುಪಾಲು ತೈಲ ಬಂದರುಗಳಲ್ಲಿ ಇಳಿಸಿಕೊಳ್ಳಬಹುದು. ಅನಿಲ ಹಾಗಲ್ಲ. ಅದು ಜಾಗ ತಿನ್ನುತ್ತದೆ, ಒತ್ತಡ ಬೇಡುತ್ತದೆ, ಬಾವಿಯಿಂದ ಒಲೆಯವರೆಗೆ ಎಲ್ಲೂ ತುಂಡಾಗದ ದಾರಿ ಕೇಳುತ್ತದೆ. ಕೊಳವೆ ಹಾಕಿದರೆ ಮಾರುವವನೂ ಕೊಳ್ಳುವವನೂ ಮೂವತ್ತು–ನಲವತ್ತು ವರ್ಷ ಒಬ್ಬರಿಗೊಬ್ಬರು ಕಟ್ಟುಬಿದ್ದಂತೆ. ಇನ್ನೊಂದು ಉಪಾಯ, ಅನಿಲವನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ ದ್ರವವಾಗಿಸುವುದು. ಆಗ ಅದರ ಗಾತ್ರ ಸುಮಾರು ಆರುನೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಹಡಗಿನಲ್ಲಿ ಸಾಗಿಸಬಹುದು. ಎಲ್‌ಎನ್‌ಜಿ ಎಂದರೆ ಇದೇ. ಆದರೆ ತಣಿಸುವ ಕಾರ್ಖಾನೆ ಒಂದು ತುದಿಯಲ್ಲಿ, ಮತ್ತೆ ಕಾಯಿಸಿ ಅನಿಲವಾಗಿಸುವ ಟರ್ಮಿನಲ್ ಇನ್ನೊಂದು ತುದಿಯಲ್ಲಿ ಇರಲೇಬೇಕು. ಎರಡೂ ಸಾವಿರಾರು ಕೋಟಿ ರೂಪಾಯಿಯ ಕೆಲಸ, ಎರಡಕ್ಕೂ ವರ್ಷಗಳು ಹಿಡಿಯುತ್ತವೆ.

ಕ್ಲೈಪೆಡಾದ ಹಡಗು ಈ ಎರಡನೆಯ ತುದಿಯ ಕೆಲಸವನ್ನು ನೀರಿನ ಮೇಲೇ ಮಾಡುತ್ತದೆ. ಅದು ಸರಕು ಹೊತ್ತು ಊರೂರು ತಿರುಗುವುದಿಲ್ಲ. ಕಟ್ಟಿಹಾಕಿದ ಜಾಗದಲ್ಲೇ ನಿಂತಿರುತ್ತದೆ. ನಾರ್ವೆಯಿಂದಲೋ ಅಮೆರಿಕದಿಂದಲೋ ಬಂದ ಎಲ್‌ಎನ್‌ಜಿ ಹಡಗು ಬಂದರು ಸೇರಿದಾಗ ಅದರೊಳಗಿನ ದ್ರವವನ್ನು ಇದಕ್ಕೆ ವರ್ಗಾಯಿಸುತ್ತಾರೆ. ಇದರ ಟ್ಯಾಂಕುಗಳಲ್ಲಿ ಒಟ್ಟು 1,70,000 ಘನ ಮೀಟರ್ ದ್ರವ ಹಿಡಿಸುತ್ತದೆ. ಅನಿಲದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಹತ್ತು ಕೋಟಿ ಘನ ಮೀಟರ್, ಆಗಿನ ಬಳಕೆಯಂತೆ ಇಡೀ ಲಿಥುವೇನಿಯಾಕ್ಕೆ ಎರಡು ವಾರಕ್ಕೆ ಸಾಕಾಗುವಷ್ಟು. ಸಮುದ್ರದ ನೀರಿನ ಶಾಖವನ್ನೇ ಬಳಸಿಕೊಂಡು ದ್ರವವನ್ನು ಮತ್ತೆ ಅನಿಲವಾಗಿಸಿ, ಒತ್ತಡ ಏರಿಸಿ, 18 ಕಿಲೋಮೀಟರ್ ಕೊಳವೆಯ ಮೂಲಕ ದೇಶದ ಜಾಲಕ್ಕೆ ಬಿಡುತ್ತಾರೆ. ಟ್ಯಾಂಕಿಗೆ ಎಷ್ಟೇ ದಪ್ಪ ಹೊದಿಕೆಯಿದ್ದರೂ ಒಳಗಿನ ದ್ರವ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತಿರುತ್ತದೆ. ಇಂಥ ಹಡಗುಗಳಲ್ಲಿ ಆ ಆವಿಯನ್ನು ವ್ಯರ್ಥ ಮಾಡುವುದಿಲ್ಲ, ಎಂಜಿನಿಗೇ ಉಣಿಸುತ್ತಾರೆ.

ಲಿಥುವೇನಿಯಾದವರಿಗೆ ಈ ಬುದ್ಧಿ ಸುಮ್ಮನೆ ಬಂದದ್ದಲ್ಲ. 1990ರ ಮಾರ್ಚ್ 11ರಂದು ಅವರು ಸೋವಿಯತ್ ಒಕ್ಕೂಟದಿಂದ ಸ್ವತಂತ್ರರಾದೆವೆಂದು ಘೋಷಿಸಿಕೊಂಡರು. ಏಪ್ರಿಲ್‌ನಲ್ಲಿ ಮಾಸ್ಕೋ ತೈಲ ನಿಲ್ಲಿಸಿತು, ಅನಿಲವನ್ನು ತೀರಾ ಕಡಿತ ಮಾಡಿತು. ಎರಡೂವರೆ ತಿಂಗಳು ಹಾಗೇ ಕಳೆಯಿತು. ಘೋಷಣೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಒಪ್ಪಿದ ಮೇಲಷ್ಟೇ ನಿರ್ಬಂಧ ಸಡಿಲವಾದದ್ದು. ಆ ಬೇಸಿಗೆಯ ನೆನಪಿರುವವರು ಮುಂದೆ ಅಧಿಕಾರಕ್ಕೆ ಬಂದರು. 2009ರ ಕೊನೆಯ ದಿನ ಇಗ್ನಾಲಿನಾ ಅಣುಸ್ಥಾವರವನ್ನೂ ಮುಚ್ಚಬೇಕಾಯಿತು. ಅದು ಚೆರ್ನೊಬಿಲ್ ಮಾದರಿಯ ಸ್ಥಾವರ, ಮುಚ್ಚುವುದು ಐರೋಪ್ಯ ಒಕ್ಕೂಟ ಸೇರಲು ಹಾಕಿದ್ದ ಷರತ್ತು. ದೇಶದ ವಿದ್ಯುತ್ತಿನ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಸ್ಥಾವರ ಹೋದ ಮೇಲೆ ಅನಿಲದ ಮೇಲಿನ ಅವಲಂಬನೆ ಇನ್ನಷ್ಟು ಬಿಗಿಯಾಯಿತು. ರಷ್ಯಾಕ್ಕೆ ಇಷ್ಟು ಹತ್ತಿರವಿದ್ದೂ ಲಿಥುವೇನಿಯಾ ದೂರದ ಜರ್ಮನಿಗಿಂತ ಹೆಚ್ಚು ಬೆಲೆ ತೆರುತ್ತಿತ್ತು. ಬೇರೆ ಅಂಗಡಿಗೆ ಹೋಗಲಾರದ ಗಿರಾಕಿಯ ಹತ್ತಿರ ಯಾವ ವ್ಯಾಪಾರಿಯೂ ಚೌಕಾಶಿಗೆ ಕೂರುವುದಿಲ್ಲ.

ಹಡಗು ಇನ್ನೂ ಬಂದರು ಸೇರಿರಲಿಲ್ಲ, 2014ರ ಮೇ ತಿಂಗಳಲ್ಲೇ ಗ್ಯಾಜ್‌ಪ್ರೋಮ್ ಬೆಲೆಯನ್ನು ಸುಮಾರು ಶೇ 20ರಷ್ಟು ಇಳಿಸಲು ಒಪ್ಪಿತು. ಹೊಸ ಟರ್ಮಿನಲಿನಿಂದ ಒಂದು ಘನ ಮೀಟರ್ ಅನಿಲವೂ ಬಂದಿರದಿದ್ದ ಹೊತ್ತದು.

ಆದರೂ ಮನೆಯಲ್ಲಿ ಗೊಣಗಾಟ ತಪ್ಪಲಿಲ್ಲ. ಹಡಗಿನ ಬಾಡಿಗೆಯನ್ನು ‘ಭದ್ರತಾ ಶುಲ್ಕ’ದ ಹೆಸರಿನಲ್ಲಿ ಅನಿಲದ ಬಿಲ್ಲಿಗೇ ಸೇರಿಸಿದರು. ದೇಶದ ಅತಿ ದೊಡ್ಡ ಅನಿಲ ಗ್ರಾಹಕ ಯೋನವಾದ ‘ಅಖೆಮಾ’ ರಸಗೊಬ್ಬರ ಕಾರ್ಖಾನೆ. ಅದು ಈ ಹೊರೆಯನ್ನು ಪ್ರಶ್ನಿಸಿ ಐರೋಪ್ಯ ನ್ಯಾಯಾಲಯದವರೆಗೂ ಹೋಯಿತು. ಮೊದಲ ವರ್ಷಗಳಲ್ಲಿ ಟರ್ಮಿನಲ್ ಸಾಮರ್ಥ್ಯದ ಎಷ್ಟೋ ಪಾಲು ಖಾಲಿಯೇ ಉಳಿಯುತ್ತಿತ್ತು. ಅಷ್ಟು ದುಡ್ಡು ಸುರಿದು ಹಡಗನ್ನು ಸುಮ್ಮನೆ ನಿಲ್ಲಿಸಿಕೊಂಡಿದ್ದೇಕೆ ಎಂಬ ಪ್ರಶ್ನೆ ತಪ್ಪಲ್ಲ. ಖಾಲಿ ಇದ್ದ ಸಾಮರ್ಥ್ಯವನ್ನು ದಂಡವೆಂದು ಲೆಕ್ಕ ಹಾಕಿದ್ದರೆ ಆ ಹಡಗು ಬರುತ್ತಲೇ ಇರಲಿಲ್ಲ. ನನ್ನ ಮಟ್ಟಿಗೆ ಇಂಧನ ಭದ್ರತೆಯ ಕಠಿಣ ಭಾಗ ಇದೇ: ಎಲ್ಲ ಸರಿಯಿದ್ದಾಗ ಬೇಡವೆನಿಸುವ ವಸ್ತುವಿಗೆ ವರ್ಷಗಟ್ಟಲೆ ಹಣ ಕೊಡುತ್ತಿರಬೇಕು, ಜನರಿಗೆ ಅದನ್ನು ವಿವರಿಸುತ್ತಲೂ ಇರಬೇಕು.

ಪಶ್ಚಿಮ ಯುರೋಪಿನ ದಾರಿ ಬೇರೆಯಾಗಿತ್ತು. 1970ರಲ್ಲಿ ಪಶ್ಚಿಮ ಜರ್ಮನಿ ಸೋವಿಯತ್ ಒಕ್ಕೂಟದೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಮಾನೆಸ್‌ಮನ್ ಕಂಪನಿ ದೊಡ್ಡ ವ್ಯಾಸದ ಉಕ್ಕಿನ ಕೊಳವೆಗಳನ್ನು ಕೊಡುವುದು, ಜರ್ಮನ್ ಬ್ಯಾಂಕುಗಳು ಸಾಲ ಕೊಡುವುದು, ಬದಲಿಗೆ ಸೈಬೀರಿಯಾದ ಅನಿಲ ಬರುವುದು. ವ್ಯಾಪಾರ ಬೆಳೆದರೆ ವೈರ ಕರಗುತ್ತದೆಂಬ ನಂಬಿಕೆ ಅದರ ಹಿಂದಿತ್ತು. 1982ರಲ್ಲಿ ಉರೆಂಗೊಯ್‌ನಿಂದ ಯುರೋಪಿಗೆ ಇನ್ನೊಂದು ಮಹಾ ಕೊಳವೆ ಹಾಕಲು ಹೊರಟಾಗ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅದನ್ನು ತಡೆಯಲು ಹೋದರು. ಅಮೆರಿಕದ ತಂತ್ರಜ್ಞಾನ ಬಳಸುವ ಯುರೋಪಿನ ಕಂಪನಿಗಳ ಮೇಲೂ ನಿರ್ಬಂಧ ಹೇರಿದರು. ಆಗ ತಿರುಗಿಬಿದ್ದವರಲ್ಲಿ ಅವರ ಆಪ್ತೆಯಾಗಿದ್ದ ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಕೂಡ ಇದ್ದರು. ಸ್ಕಾಟ್ಲೆಂಡಿನಲ್ಲಿ ಆ ಕೊಳವೆಗೆ ಟರ್ಬೈನ್ ಮಾಡುತ್ತಿದ್ದ ಜಾನ್ ಬ್ರೌನ್ ಕಾರ್ಖಾನೆಯ ಕೆಲಸಗಾರರು ಅವರಿಗೆ ಮುಖ್ಯವಾಗಿದ್ದರು. ನವೆಂಬರ್ ಹೊತ್ತಿಗೆ ರೇಗನ್ ನಿರ್ಬಂಧ ಹಿಂದಕ್ಕೆ ಪಡೆದರು, ಕೊಳವೆ ಪೂರ್ಣಗೊಂಡಿತು. ಮಿತ್ರರು ಅನಿಲಕ್ಕಾಗಿ ಜಗಳವಾಡಿದ್ದು ಅದೇ ಕೊನೆಯೇನಲ್ಲ.

ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿಗೆ ಬರುವ ಅನಿಲ ನಿಲ್ಲಲಿಲ್ಲ, ಅದು ನಿಜ. ಆ ಅನುಭವವೇ ಜರ್ಮನಿಯನ್ನು ಮೈಮರೆಸಿತು. 2009ರ ಜನವರಿಯಲ್ಲಿ ರಷ್ಯಾ–ಉಕ್ರೇನ್ ಬೆಲೆ ಜಗಳದಿಂದ ಎರಡು ವಾರ ಅನಿಲ ನಿಂತು ಬಲ್ಗೇರಿಯಾ, ಸ್ಲೊವಾಕಿಯಾಗಳು ಮೈಕೊರೆಯುವ ಚಳಿಯಲ್ಲಿ ಕಂಗೆಟ್ಟವು. ಜರ್ಮನಿಗೆ ಅದರಿಂದ ಗಟ್ಟಿಯಾದ ನಂಬಿಕೆ ‘ಉಕ್ರೇನನ್ನು ಬಿಟ್ಟು ಸುತ್ತಿ ಹೋಗುವ ಕೊಳವೆ ಬೇಕು’ ಎಂಬುದು; 2011ರಲ್ಲಿ ಬಾಲ್ಟಿಕ್ ಸಮುದ್ರದ ತಳದಲ್ಲಿ ನಾರ್ಡ್ ಸ್ಟ್ರೀಮ್ ಚಾಲೂ ಆಯಿತು. 2021ರಲ್ಲಿ ಅದರ ಜೋಡಿ ಕೊಳವೆಯೂ ಸಿದ್ಧವಾಯಿತು. ಪೋಲೆಂಡ್, ಬಾಲ್ಟಿಕ್ ದೇಶಗಳು, ಉಕ್ರೇನ್ ಬೇಡ ಬೇಡವೆಂದು ಹೇಳುತ್ತಲೇ ಇದ್ದವು. ತನ್ನದೇ ಒಕ್ಕೂಟದ ಸದಸ್ಯರ ಆತಂಕಕ್ಕೂ ಬರ್ಲಿನ್ ಕಿವಿಗೊಡಲಿಲ್ಲ. ಆ ವೇಳೆಗೆ ಜರ್ಮನಿ ಆಮದು ಮಾಡುತ್ತಿದ್ದ ಅನಿಲದ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದು. ಸ್ವಂತದ್ದೆನ್ನಲು ಒಂದೂ ಎಲ್‌ಎನ್‌ಜಿ ಟರ್ಮಿನಲ್ ಇರಲಿಲ್ಲ.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಮಾರ್ಚ್ ಕೊನೆಯಲ್ಲಿ ಅನಿಲಕ್ಕೆ ರೂಬಲ್‌ನಲ್ಲೇ ಹಣ ಕೊಡಬೇಕೆಂದಿತು. ಏಪ್ರಿಲ್ 27ರಂದು ಪೋಲೆಂಡ್ ಮತ್ತು ಬಲ್ಗೇರಿಯಾಕ್ಕೆ, ಮೇ 21ರಂದು ಫಿನ್ಲೆಂಡಿಗೆ ಅನಿಲ ನಿಂತಿತು. ಈ ಕಡಿತಗಳಿಗೂ ಮೊದಲೇ, ಏಪ್ರಿಲ್ ಆರಂಭದಲ್ಲಿ, ಲಿಥುವೇನಿಯಾ ಒಂದು ಪ್ರಕಟಣೆ ಹೊರಡಿಸಿತ್ತು: ನಮ್ಮ ಬಳಕೆಗೆ ರಷ್ಯಾದ ಅನಿಲ ಇನ್ನು ಬೇಡ. ಐರೋಪ್ಯ ಒಕ್ಕೂಟದಲ್ಲಿ ಆ ಮಾತು ಮೊದಲು ಹೇಳಿದ ದೇಶ ಅದು.

ಹಡಗು ಅಲ್ಲಿಗೆ ಬರಿಯ ಲಿಥುವೇನಿಯಾದ್ದಾಗಿ ಉಳಿಯಲಿಲ್ಲ. ಮೇ ತಿಂಗಳಲ್ಲಿ ಪೋಲೆಂಡ್–ಲಿಥುವೇನಿಯಾ ನಡುವೆ 508 ಕಿಲೋಮೀಟರಿನ ಹೊಸ ಕೊಳವೆ ತೆರೆಯಿತು. ಅದರಲ್ಲಿ ಅನಿಲ ಎರಡೂ ದಿಕ್ಕಿಗೆ ಹರಿಯಬಲ್ಲದು. ಕ್ಲೈಪೆಡಾದಲ್ಲಿ ಇಳಿದ ಅನಿಲ ಲಾಟ್ವಿಯಾ, ಎಸ್ಟೋನಿಯಾ, ಫಿನ್ಲೆಂಡ್ ಮುಟ್ಟಿತು, ಪೋಲೆಂಡಿಗೂ ಹೋಯಿತು. ಲಾಟ್ವಿಯಾದ ಇನ್ಚುಕಾಲ್ನ್ಸ್ ಎಂಬಲ್ಲಿ ನೆಲದಾಳದ ಮರಳುಗಲ್ಲಿನ ಪದರದಲ್ಲಿ 230 ಕೋಟಿ ಘನ ಮೀಟರಿನಷ್ಟು ಅನಿಲ ತುಂಬಿಡುವ ಉಗ್ರಾಣವಿದೆ, ಸೋವಿಯತ್ ಕಾಲದ್ದು. ಬೇಸಿಗೆಯಲ್ಲಿ ಕ್ಲೈಪೆಡಾದ ಹಡಗು ತುಂಬಿಸುತ್ತದೆ, ಚಳಿಗಾಲದಲ್ಲಿ ಅಕ್ಕಪಕ್ಕದವರೆಲ್ಲ ತೆಗೆದುಕೊಳ್ಳುತ್ತಾರೆ. ಒಬ್ಬರ ಬಳಿ ಬಂದರು, ಇನ್ನೊಬ್ಬರ ಬಳಿ ಉಗ್ರಾಣ, ನಡುವೆ ಕೊಳವೆ. 2024ರ ಡಿಸೆಂಬರಿನಲ್ಲಿ ಬಾಡಿಗೆಯ ಅವಧಿ ಮುಗಿದಾಗ ಲಿಥುವೇನಿಯಾ ಆ ಹಡಗನ್ನು ಕೊಂಡೇಬಿಟ್ಟಿತು.

ಪೋಲೆಂಡಿನದೂ ಇಂಥದೇ ತಾಳ್ಮೆ. ನಾರ್ವೆಯ ಅನಿಲವನ್ನು ಡೆನ್ಮಾರ್ಕ್ ಮೂಲಕ ತರುವ ಬಾಲ್ಟಿಕ್ ಪೈಪ್ ಯೋಜನೆಯ ಮಾತು ವರ್ಷಗಟ್ಟಲೆ ನಡೆದು ಕೊನೆಗೆ ಕೈಗೂಡಿತು. ಅದರ ಉದ್ಘಾಟನೆ ನಡೆದದ್ದು 2022ರ ಸೆಪ್ಟೆಂಬರ್ 27ರಂದು. ಹಿಂದಿನ ದಿನವಷ್ಟೇ ಅದೇ ಸಮುದ್ರದ ತಳದಲ್ಲಿ ನಾರ್ಡ್ ಸ್ಟ್ರೀಮ್ ಕೊಳವೆಗಳು ಸ್ಫೋಟಕ್ಕೆ ಸಿಕ್ಕಿ ಒಡೆದು, ನೀರಿನ ಮೇಲೆ ಅನಿಲದ ಗುಳ್ಳೆಗಳು ಉಕ್ಕಿದ್ದವು.

ಜರ್ಮನಿಯದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಕಥೆ. ತೋಡಿದ ವೇಗವನ್ನು ಮಾತ್ರ ಮೆಚ್ಚಲೇಬೇಕು. ವಿಲ್‌ಹೆಲ್ಮ್ಸ್‌ಹಾಫೆನ್‌ನಲ್ಲಿ ಮೇ ತಿಂಗಳಲ್ಲಿ ಮೊದಲ ಕಂಬ ಊರಿದರು, ಡಿಸೆಂಬರ್ 17ಕ್ಕೆ ತೇಲುವ ಟರ್ಮಿನಲ್ ಉದ್ಘಾಟನೆಯಾಯಿತು. ಅಲ್ಲಿ ತಂದು ನಿಲ್ಲಿಸಿದ್ದೂ ನಾರ್ವೆಯ ಹೋಗ್ ಕಂಪನಿಯ ಹಡಗನ್ನೇ. ಒಪ್ಪಿಗೆ, ಪರಿಸರ ಪರಿಶೀಲನೆಗಳ ಅವಧಿಯನ್ನು ಕಡಿತಗೊಳಿಸುವ ವಿಶೇಷ ಕಾನೂನು ಮಾಡಿ ಅದನ್ನು ಸಾಧಿಸಿದರು. ಜನರೂ ಕೈಜೋಡಿಸಿದರು, ಆ ಚಳಿಗಾಲದಲ್ಲಿ ಐರೋಪ್ಯ ಒಕ್ಕೂಟದ ಅನಿಲ ಬಳಕೆ ಹಿಂದಿನ ಐದು ವರ್ಷಗಳ ಸರಾಸರಿಗಿಂತ ಶೇ 18ರಷ್ಟು ಇಳಿಯಿತು. ಇದರಲ್ಲಿ ಮಿತವ್ಯಯದ ಜೊತೆಗೆ ಬೆಲೆ ತಾಳಲಾರದೆ ಮುಚ್ಚಿದ ಕಾರ್ಖಾನೆಗಳ ಪಾಲೂ ಇದೆ. ಯೋನವಾದ ಅಖೆಮಾ ಕೂಡ ಆ ವರ್ಷ ಅಮೋನಿಯ ತಯಾರಿಕೆ ನಿಲ್ಲಿಸಬೇಕಾಯಿತು. ದಾರಿ ಇದ್ದರೂ ಬೆಲೆ ಕೈಗೆಟುಕದಿದ್ದರೆ ಕಾರ್ಖಾನೆಗೆ ಅದು ಇದ್ದೂ ಇಲ್ಲದಂತೆ.

ಬೆಲೆಯ ವಿಷಯಕ್ಕೆ ಬಂದಾಗ ಮಿತ್ರತ್ವದ ಇನ್ನೊಂದು ಮುಖ ಕಾಣುತ್ತದೆ. 2022ರ ಮಾರ್ಚ್ 25ರಂದು ಬ್ರಸೆಲ್ಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಮತ್ತು ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲಯೆನ್ ಜಂಟಿ ಹೇಳಿಕೆ ಕೊಟ್ಟರು: ಆ ವರ್ಷ ಯುರೋಪಿಗೆ ಹೆಚ್ಚುವರಿಯಾಗಿ 1,500 ಕೋಟಿ ಘನ ಮೀಟರ್ ಎಲ್‌ಎನ್‌ಜಿ ಒದಗಿಸಲು ಪ್ರಯತ್ನಿಸಲಾಗುವುದು. ಗುರಿ ಮೀರಿ ಅನಿಲ ಬಂತು. ಆದರೆ ಅಮೆರಿಕ ಸರ್ಕಾರದ ಕೈಯಲ್ಲಿ ಅನಿಲವಿಲ್ಲ. ಬಾವಿ ಖಾಸಗಿಯವರದು, ದ್ರವೀಕರಣ ಘಟಕ ಖಾಸಗಿಯವರದು, ಖರೀದಿಸಿದ ವ್ಯಾಪಾರಿ ಹಡಗನ್ನು ಯಾವ ಬಂದರಿಗಾದರೂ ಒಯ್ಯಬಹುದೆಂಬುದು ಅಮೆರಿಕದ ಎಲ್‌ಎನ್‌ಜಿ ಒಪ್ಪಂದಗಳ ವಿಶೇಷ. ಹಡಗುಗಳು ಅಟ್ಲಾಂಟಿಕ್ ದಾಟಿ ಯುರೋಪಿನತ್ತ ತಿರುಗಿದ್ದು ಅಲ್ಲಿ ಬೆಲೆ ಹೆಚ್ಚಿತ್ತೆಂದು. 2022ರ ಆಗಸ್ಟ್ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಸಗಟು ಮಾರುಕಟ್ಟೆಯಲ್ಲಿ ಒಂದು ಮೆಗಾವಾಟ್–ಗಂಟೆಯಷ್ಟು ಅನಿಲದ ಬೆಲೆ 300 ಯೂರೊ ದಾಟಿತು. ಬಿಕ್ಕಟ್ಟಿಗೆ ಮೊದಲು ಅದು 20ರ ಆಸುಪಾಸಿನಲ್ಲಿರುತ್ತಿತ್ತು. ಜರ್ಮನಿಯ ಆರ್ಥಿಕ ಸಚಿವ ರಾಬರ್ಟ್ ಹಾಬೆಕ್ ಗೆಳೆಯ ದೇಶಗಳೂ ಮಿತಿಮೀರಿದ ಬೆಲೆ ಕೇಳುತ್ತಿವೆಯೆಂದು ಬಹಿರಂಗವಾಗಿ ಆಕ್ಷೇಪಿಸಿದರು. ಪೋಲೆಂಡಿನ ಪ್ರಧಾನಿ ಮತೆಯುಷ್ ಮೊರಾವಿಯೆಟ್ಸ್‌ಕಿ, ನಾರ್ವೆ ಯುದ್ಧದಿಂದ ಗಳಿಸಿದ ಹೆಚ್ಚುವರಿ ಲಾಭವನ್ನು ಹಂಚಿಕೊಳ್ಳಬೇಕೆಂದರು. ನಾರ್ವೆ ಉಕ್ರೇನಿಗೆ ದೊಡ್ಡ ನೆರವು ಕೊಟ್ಟಿತು, ಆದರೆ ಅನಿಲದ ಬೆಲೆ ಮಾರುಕಟ್ಟೆಯದೇ ಆಗಿ ಉಳಿಯಿತು.

ಗೆಳೆಯನ ಮನೆಯ ಆಗುಹೋಗುಗಳೂ ನಮ್ಮ ಒಲೆಗೆ ತಟ್ಟುತ್ತವೆ. 2022ರ ಜೂನ್ 8ರಂದು ಟೆಕ್ಸಸ್‌ನ ಫ್ರೀಪೋರ್ಟ್ ಎಲ್‌ಎನ್‌ಜಿ ಘಟಕದಲ್ಲಿ ಸ್ಫೋಟವಾಗಿ ಅಮೆರಿಕದ ರಫ್ತು ಸಾಮರ್ಥ್ಯದ ಐದನೇ ಒಂದಕ್ಕೆ ಸಮೀಪದಷ್ಟು ತಿಂಗಳುಗಟ್ಟಲೆ ನಿಂತುಹೋಯಿತು. 2024ರ ಜನವರಿಯಲ್ಲಿ ಬೈಡನ್ ಸರ್ಕಾರ ಹವಾಮಾನದ ಕಾಳಜಿಯಿಂದ ಹೊಸ ರಫ್ತು ಪರವಾನಗಿಗಳಿಗೆ ತಡೆ ಹಾಕಿತು; ಮುಂದಿನ ವರ್ಷ ಡೊನಾಲ್ಡ್ ಟ್ರಂಪ್ ಅದನ್ನು ತೆರವು ಮಾಡಿದರು. 2025ರ ಜುಲೈನಲ್ಲಿ ಸುಂಕದ ಮಾತುಕತೆಯ ಭಾಗವಾಗಿ ಐರೋಪ್ಯ ಒಕ್ಕೂಟ ಮೂರು ವರ್ಷಗಳಲ್ಲಿ 75,000 ಕೋಟಿ ಡಾಲರ್ ಮೌಲ್ಯದ ಅಮೆರಿಕದ ಇಂಧನ ಕೊಳ್ಳುವುದಾಗಿ ಒಪ್ಪಿತು. ಈಗ ಯುರೋಪ್ ತರಿಸುವ ಎಲ್‌ಎನ್‌ಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದ್ದು. ಒಬ್ಬನ ಮೇಲಿನ ಅವಲಂಬನೆ ಇಳಿಸಿ ಇನ್ನೊಬ್ಬನ ಮೇಲೆ ಏರಿಸಿಕೊಂಡ ಹಾಗಾಯಿತಲ್ಲವೇ ಎಂಬ ಚರ್ಚೆ ಯುರೋಪಿನ ರಾಜಧಾನಿಗಳಲ್ಲೇ ನಡೆದಿದೆ. ಅಮೆರಿಕದ ಹಡಗನ್ನೂ ರಷ್ಯಾದ ಕೊಳವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ಕೊಳವೆಯನ್ನು ಮುಚ್ಚಿದರೆ ಅನಿಲ ಬರುವುದೇ ಇಲ್ಲ. ಹಡಗು ಒಂದು ಬರದಿದ್ದರೆ ಇನ್ನೊಂದನ್ನು ಕರೆಸಬಹುದು. ಅದಕ್ಕೂ ದುಡ್ಡಿರಬೇಕು.

ಹತ್ತಿರದ ಗೆಳೆತನವೂ ಸಲೀಸಲ್ಲ. ಫಿನ್ಲೆಂಡ್ ಮತ್ತು ಎಸ್ಟೋನಿಯಾ 2022ರಲ್ಲಿ ಒಟ್ಟಿಗೆ ಒಂದು ತೇಲುವ ಟರ್ಮಿನಲ್ ಬಾಡಿಗೆಗೆ ಪಡೆಯಲು ಒಪ್ಪಿದವು. ‘ಎಕ್ಸೆಂಪ್ಲಾರ್’ ಎಂಬ ಆ ಹಡಗು ಕೊನೆಗೆ ನಿಂತದ್ದು ಫಿನ್ಲೆಂಡಿನ ಇಂಕೂ ಬಂದರಿನಲ್ಲಿ. ಎಸ್ಟೋನಿಯಾದ ಪಾಲ್ಡಿಸ್ಕಿಯಲ್ಲಿ ಅದಕ್ಕೆಂದೇ ಅವಸರದಲ್ಲಿ ಕಟ್ಟಿದ ದಕ್ಕೆ ಖಾಲಿ ಉಳಿಯಿತು, ಅಲ್ಲಿನವರಿಗೆ ಬೇಸರವಾಯಿತು. ಹೇಗೂ ಎರಡು ದೇಶಗಳ ನಡುವೆ ಸಮುದ್ರದಡಿ ಬಾಲ್ಟಿಕ್‌ಕನೆಕ್ಟರ್ ಕೊಳವೆ ಇದೆಯಲ್ಲ ಎಂಬ ಸಮಾಧಾನವಿತ್ತು. 2023ರ ಅಕ್ಟೋಬರ್ 8ರ ನಸುಕಿನಲ್ಲಿ ಆ ಕೊಳವೆಯ ಒತ್ತಡ ಥಟ್ಟನೆ ಕುಸಿಯಿತು. ಫಿನ್ಲೆಂಡಿನ ಪೊಲೀಸರು ತಳ ಶೋಧಿಸಿದಾಗ ಸಿಕ್ಕಿದ್ದು ಸುಮಾರು ಆರು ಟನ್ ತೂಕದ ಲಂಗರು. ಹಾಂಗ್‌ಕಾಂಗ್ ಧ್ವಜದ ‘ನ್ಯೂನ್ಯೂ ಪೋಲಾರ್ ಬೇರ್’ ಎಂಬ ಕಂಟೈನರ್ ಹಡಗು ಅದನ್ನು ಎಳೆದುಕೊಂಡೇ ಸಾಗಿತ್ತು. ಬಿರುಗಾಳಿಯಲ್ಲಿ ಆದ ಅಪಘಾತವದು ಎಂದು ಚೀನಾ ಆಮೇಲೆ ಹೇಳಿತು. ಕೊಳವೆ ಮತ್ತೆ ಚಾಲೂ ಆಗುವ ಹೊತ್ತಿಗೆ 2024ರ ಏಪ್ರಿಲ್ ಬಂದಿತ್ತು. ಆ ಚಳಿಗಾಲ ಎಸ್ಟೋನಿಯಾವನ್ನು ನಡೆಸಿದ್ದು ದಕ್ಷಿಣದ ಗೆಳೆಯರು: ಕ್ಲೈಪೆಡಾದ ಹಡಗು, ಇನ್ಚುಕಾಲ್ನ್ಸ್‌ನ ಉಗ್ರಾಣ.

ಯುರೋಪ್ ಆ ಚಳಿಗಾಲಗಳನ್ನು ದಾಟಿದ ಕಥೆಯನ್ನು ಯಶಸ್ಸೆಂದು ಹೇಳುವವರು ಇನ್ನೊಂದು ಪುಟವನ್ನು ಮಗುಚಬೇಕು. ಜಗತ್ತಿನಲ್ಲಿ ಎಲ್‌ಎನ್‌ಜಿ ಇದ್ದದ್ದು ಇದ್ದಷ್ಟೇ. ಯುರೋಪ್ ಹೆಚ್ಚು ಕೊಂಡಿತೆಂದರೆ ಬೇರೆ ಯಾರೋ ಕಡಿಮೆ ಕೊಂಡರು ಎಂದರ್ಥ. 2022ರ ಜುಲೈನಲ್ಲಿ ಪಾಕಿಸ್ತಾನ ಹತ್ತು ಹಡಗು ಎಲ್‌ಎನ್‌ಜಿಗೆ ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ಅದೇ ಹೊತ್ತಿಗೆ ಬಾಂಗ್ಲಾದೇಶ ಬಿಡಿ ಮಾರುಕಟ್ಟೆಯಲ್ಲಿ ಕೊಳ್ಳುವುದನ್ನೇ ನಿಲ್ಲಿಸಿ, ದಿನವೂ ಸರದಿಯಂತೆ ಕರೆಂಟು ತೆಗೆಯತೊಡಗಿತು.

ಭಾರತಕ್ಕೂ ಪೆಟ್ಟು ಬಿತ್ತು, ಅದು ಬಿದ್ದ ಬಗೆ ವಿಚಿತ್ರ. ನಮ್ಮ ಗೇಲ್ ಸಂಸ್ಥೆ 2012ರಲ್ಲಿ ಗ್ಯಾಜ್‌ಪ್ರೋಮ್‌ನ ಸಿಂಗಪುರ ಘಟಕದೊಡನೆ ಇಪ್ಪತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು. 2018ರಿಂದ ಎಲ್‌ಎನ್‌ಜಿ ಬರುತ್ತಿತ್ತು. ಆ ಸಿಂಗಪುರ ಘಟಕ ಗ್ಯಾಜ್‌ಪ್ರೋಮ್ ಜರ್ಮೇನಿಯಾ ಎಂಬ ಕಂಪನಿಯ ಅಧೀನದಲ್ಲಿತ್ತು. 2022ರ ಏಪ್ರಿಲ್‌ನಲ್ಲಿ ಜರ್ಮನಿ ಸರ್ಕಾರ ತನ್ನ ಇಂಧನ ಭದ್ರತೆಗಾಗಿ ಗ್ಯಾಜ್‌ಪ್ರೋಮ್ ಜರ್ಮೇನಿಯಾವನ್ನು ವಶಕ್ಕೆ ತೆಗೆದುಕೊಂಡು, ನಂತರ ‘ಸೆಫೆ’ ಎಂದು ಹೆಸರು ಬದಲಿಸಿ ರಾಷ್ಟ್ರೀಕರಣ ಮಾಡಿತು. ರಷ್ಯಾ ಸಿಟ್ಟಿಗೆದ್ದು ಆ ಕಂಪನಿಗಳ ಮೇಲೆ ನಿರ್ಬಂಧ ಹೇರಿತು. ಜಗಳ ಅವರಿಬ್ಬರದು, ಹಡಗು ಬಾರದೆ ಹೋದದ್ದು ನಮಗೆ. ಗೇಲ್ ತನ್ನ ಗ್ರಾಹಕರಿಗೆ, ರಸಗೊಬ್ಬರ ಕಾರ್ಖಾನೆಗಳಿಗೂ ಸೇರಿಸಿ, ಪೂರೈಕೆ ಕಡಿತ ಮಾಡಬೇಕಾಯಿತು. ಲಂಡನ್ನಿನಲ್ಲಿ ಮಧ್ಯಸ್ಥಿಕೆಯ ದಾವೆ ಹೂಡಿತು, 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಜರ್ಮನಿ ನಮ್ಮ ಶತ್ರುವಲ್ಲ, ರಷ್ಯಾ ಹಳೆಯ ಗೆಳೆಯ. ಇಬ್ಬರು ಆಪ್ತರ ನಡುವೆ ಸಿಕ್ಕಿ ನಮ್ಮ ಅನಿಲ ಕಳೆದುಹೋಯಿತು.

ಭಾರತ ಬಳಸುವ ಅನಿಲದಲ್ಲಿ ಸುಮಾರು ಅರ್ಧ ಆಮದಿನದು. ಅದರ ಬೆನ್ನೆಲುಬು ಕತಾರ್. 2004ರಿಂದ ಗುಜರಾತಿನ ದಹೇಜ್ ಟರ್ಮಿನಲಿಗೆ ಅಲ್ಲಿಂದ ವರ್ಷಕ್ಕೆ 75 ಲಕ್ಷ ಟನ್‌ವರೆಗೆ ಬರುವ ಒಪ್ಪಂದವನ್ನು 2024ರ ಫೆಬ್ರವರಿಯಲ್ಲಿ 2048ರವರೆಗೆ ಮುಂದುವರಿಸಿದ್ದಾರೆ. ಒಳ್ಳೆಯ ಒಪ್ಪಂದ. ಆದರೆ ಆ ಹಡಗುಗಳೆಲ್ಲ ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು.

ಕರ್ನಾಟಕದಲ್ಲಿ ಈ ವಿಷಯ ಗಡಿಯಾಚೆಯ ರಾಜಕೀಯವೆಂದು ಕೈಬಿಡುವಂಥದಲ್ಲ. ಮಂಗಳೂರಿನ ಪಣಂಬೂರಿನಲ್ಲಿರುವ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ಬಹುಕಾಲ ನಾಫ್ತಾದಿಂದ ಯೂರಿಯಾ ಮಾಡುತ್ತಿತ್ತು. ಕೊಚ್ಚಿಯಿಂದ ಕೊಳವೆ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಈ ಅನಿಲದಲ್ಲಿರುವ ಹೈಡ್ರೋಜನ್ನೇ ಅಮೋನಿಯ ಆಗುವುದು, ಅಮೋನಿಯವೇ ಯೂರಿಯಾ ಆಗುವುದು. ಕತಾರಿನ ಸಮುದ್ರದಡಿಯ ಬಾವಿಗೂ ನಮ್ಮ ಗದ್ದೆಯಲ್ಲಿ ಎರಚುವ ಗೊಬ್ಬರದ ಚೀಲಕ್ಕೂ ಇರುವ ನಂಟು ಇದು. ಆ ಕೊಳವೆ ಬಂದ ಕಥೆಯೂ ನೆನಪಿಡುವಂಥದು. ಕೊಚ್ಚಿಯ ಪುದುವೈಪಿನಲ್ಲಿ ಟರ್ಮಿನಲ್ ಸಿದ್ಧವಾದದ್ದು 2013ರಲ್ಲಿ. 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಕೊಳವೆ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ನಡುವೆ ಭೂಮಿಯ ತಕರಾರು, ಪ್ರತಿಭಟನೆ, ಕೊನೆಗೆ ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಸುರಂಗದಂತೆ ಕೊರೆದು ದಾಟಿಸುವ ಪಡಿಪಾಟಲು. ಅಷ್ಟು ವರ್ಷ ಟರ್ಮಿನಲ್ ತನ್ನ ಸಾಮರ್ಥ್ಯದ ತೀರಾ ಸಣ್ಣ ಪಾಲಿನಲ್ಲಿ ನಡೆಯಿತು. ಹಡಗು ಬರಲು ಜಾಗವಿತ್ತು, ಅನಿಲ ಹೋಗಲು ದಾರಿ ಇರಲಿಲ್ಲ. ಬೆಳಗಾವಿ, ಧಾರವಾಡದ ಮೂಲಕ ಬೆಂಗಳೂರಿಗೆ ಬರುವ ಕೊಳವೆಯ ಆರಂಭದ ತುದಿ ಮಹಾರಾಷ್ಟ್ರದ ದಾಭೋಲ್ ಟರ್ಮಿನಲ್. ಅಲ್ಲಿ ಬಹುಕಾಲ ಅಲೆತಡೆ ಗೋಡೆ ಪೂರ್ಣವಾಗದೆ, ಮಳೆಗಾಲದಲ್ಲಿ ಉಗ್ರ ಅಲೆಗಳಿಗೆ ಹೆದರಿ ಹಡಗುಗಳು ದಕ್ಕೆಗೆ ಬರುತ್ತಲೇ ಇರಲಿಲ್ಲ.

ಉಗ್ರಾಣದ ಮಾತೂ ಇದೆ. ಉಡುಪಿ ಜಿಲ್ಲೆಯ ಪಾದೂರು ಮತ್ತು ಮಂಗಳೂರಿನಲ್ಲಿ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ ಕ್ರಮವಾಗಿ 25 ಲಕ್ಷ ಮತ್ತು 15 ಲಕ್ಷ ಟನ್ ಕಚ್ಚಾ ತೈಲವನ್ನು ಆಪತ್ಕಾಲಕ್ಕೆಂದು ಕೂಡಿಡಬಹುದು. ನೈಸರ್ಗಿಕ ಅನಿಲಕ್ಕೆ ಅಂಥ ಒಂದೂ ಭೂಗತ ಸಂಗ್ರಹಾಗಾರ ಭಾರತದಲ್ಲಿಲ್ಲ. ಟರ್ಮಿನಲುಗಳ ಟ್ಯಾಂಕಿನಲ್ಲಿ ಇದ್ದಷ್ಟೇ ದಾಸ್ತಾನು. ಯುರೋಪ್ 2022ರ ಚಳಿಗಾಲಕ್ಕೆ ತನ್ನ ಉಗ್ರಾಣಗಳನ್ನು ಶೇ 90ಕ್ಕಿಂತ ಹೆಚ್ಚು ತುಂಬಿಸಿಟ್ಟುಕೊಂಡಿತ್ತು. ಬಳಸಿ ಬರಿದಾದ ನಮ್ಮ ಹಳೆಯ ಬಾವಿಗಳನ್ನೇ ಅದಕ್ಕೆ ಸಿದ್ಧಪಡಿಸುವುದು ದುಬಾರಿ ಎನ್ನುತ್ತಾರೆ. ಕ್ಲೈಪೆಡಾದ ಹಡಗಿಗೂ ಜನ ಅದನ್ನೇ ಹೇಳಿದ್ದರು.

ದಕ್ಷಿಣ ಏಷ್ಯಾದ ನಕ್ಷೆ ಹರಡಿ ನೋಡಿದರೆ ಮನಸ್ಸಿಗೆ ಇನ್ನೂ ನೋವಾಗುತ್ತದೆ. ಭಾರತವನ್ನು ಯಾವ ನೆರೆದೇಶಕ್ಕೂ ಜೋಡಿಸುವ ಒಂದು ಅನಿಲ ಕೊಳವೆಯೂ ಇಲ್ಲ. ಇರಾನ್–ಪಾಕಿಸ್ತಾನ–ಭಾರತ ಯೋಜನೆ ಮಾತಿನಲ್ಲೇ ಸವೆಯಿತು. ತುರ್ಕ್‌ಮೆನಿಸ್ತಾನದಿಂದ ಅಫ್ಗಾನಿಸ್ತಾನ, ಪಾಕಿಸ್ತಾನದ ಮೂಲಕ ಬರಬೇಕಿದ್ದ 1,814 ಕಿಲೋಮೀಟರಿನ ಟಾಪಿ ನಮ್ಮ ಗಡಿ ಮುಟ್ಟಿಲ್ಲ. ಮ್ಯಾನ್ಮಾರ್‌ನದು ಎಲ್ಲಕ್ಕಿಂತ ಕಹಿ. ಅಲ್ಲಿನ ರಖೈನ್ ಕರಾವಳಿಯಾಚೆಯ ಶ್ವೆ ಅನಿಲ ಕ್ಷೇತ್ರದಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಎರಡಕ್ಕೂ ಪಾಲಿದೆ. ಬಾಂಗ್ಲಾದೇಶದ ಮೂಲಕ ಅದನ್ನು ಭಾರತಕ್ಕೆ ತರುವ ಮಾತುಕತೆ ಈ ಶತಮಾನದ ಆರಂಭದಲ್ಲಿ ನಡೆದು ಮುರಿದುಬಿತ್ತು. ನಮ್ಮ ಪಾಲುದಾರಿಕೆಯ ಬಾವಿಯ ಅನಿಲ 2013ರಿಂದ ಕೊಳವೆಯಲ್ಲಿ ಹರಿದು ಹೋಗುತ್ತಿರುವುದು ಚೀನಾದ ಯುನ್ನಾನ್ ಪ್ರಾಂತ್ಯಕ್ಕೆ.

ಇಲ್ಲಿ ಆಗದ ಕೆಲಸವೇನೂ ಅಲ್ಲ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರಿನ ಡೀಸೆಲ್ ಕೊಳವೆ 2019ರಲ್ಲಿ ಶುರುವಾಯಿತು. ಸಿಲಿಗುರಿ ಕಡೆಯಿಂದ ಬಾಂಗ್ಲಾದೇಶದ ಪಾರ್ಬತಿಪುರಕ್ಕೆ ಡೀಸೆಲ್ ಒಯ್ಯುವ ಇನ್ನೊಂದು 2023ರಲ್ಲಿ ಬಂತು. ಸರ್ಕಾರಗಳ ನಡುವೆ ಮುನಿಸು ಬಂದಾಗಲೂ ಇಂಥ ಕೊಳವೆಗಳು ಎರಡೂ ಕಡೆಯವರಿಗೆ ಬೇಕಾಗುತ್ತವೆ. ಪೂರ್ವ ಭಾರತದ ಅನಿಲ ಜಾಲ ಈಗ ಬಿಹಾರ, ಬಂಗಾಳ, ಅಸ್ಸಾಮಿನತ್ತ ಬೆಳೆಯುತ್ತಿದೆ. ಗಡಿ ಅಲ್ಲಿಂದ ದೂರವಿಲ್ಲ. ಮುಂದಿನ ಸಲ ಢಾಕಾಕ್ಕೆ ಹಡಗು ಬಾರದಿದ್ದಾಗ ಒಡಿಶಾದ ಧಾಮ್ರಾ ಟರ್ಮಿನಲಿನಲ್ಲಿ ಇಳಿದ ಅನಿಲದಲ್ಲಿ ಒಂದಿಷ್ಟನ್ನು ಅತ್ತ ಬಿಡಬೇಕೆಂದರೆ, ಅದಕ್ಕೆ ಬೇಕಾದ ಕೊಳವೆಯನ್ನು ಈಗಲೇ ಹಾಕಲು ಶುರುಮಾಡಬೇಕು, ಅದರಲ್ಲಿ ಅನಿಲ ಎರಡೂ ದಿಕ್ಕಿಗೆ ಹರಿಯುವಂತಿರಬೇಕು.